ಕಾಯಬೇಕಾದದ್ದು ಯಾವ ಭಾಗಕ್ಕೆ? 2020ರ ಒಂದು ಕಂಪ್ಯೂಟರ್ ಜೋಡಣೆಯ ಪ್ರಕರಣ

"ಇನ್ನೆರಡು ತಿಂಗಳು ತಡೆದರೆ ಹೊಸದು ಬರುತ್ತದಂತೆ" ಎಂಬ ಮಾತು ಕಂಪ್ಯೂಟರ್ ಜೋಡಿಸಲು ಹೊರಟವರ ಕಿವಿಗೆ ಬಿದ್ದೇ ಬೀಳುತ್ತದೆ. ವರ್ಷದ ಯಾವ ತಿಂಗಳಲ್ಲಿ ಕೇಳಿದರೂ ಅದು ನಿಜವೇ. ಎಲ್ಲ ಕಾಲಕ್ಕೂ ನಿಜವಾದ ಮಾತಿನಿಂದ ಇವತ್ತು ದುಡ್ಡು ಬಿಚ್ಚಬೇಕೋ ಬೇಡವೋ ಎಂಬುದು ಮಾತ್ರ ತೀರ್ಮಾನವಾಗುವುದಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕಲು 2020ರ ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಅವಧಿಗಿಂತ ಒಳ್ಳೆಯ ಪಾಠಶಾಲೆ ಸಿಗಲಾರದು. ಕಾದವರು ಗೆದ್ದರು, ಮರುವಾರವೇ ಸೋತರು. ಕಾಯದವರನ್ನು ನೋಡಿ ನಕ್ಕವರು ಆರು ತಿಂಗಳಲ್ಲಿ ಅವರ ಮನೆ ಬಾಗಿಲಿಗೇ ಹೋಗಿ ಹಳೆಯ ಗ್ರಾಫಿಕ್ಸ್ ಕಾರ್ಡ್ ಕೊಡುವಿರಾ ಎಂದು ಕೇಳಿದರು.

ಪ್ರಕರಣ ನನ್ನ ಚಿಕ್ಕಮ್ಮನ ಮಗಳದು. ಮೈಸೂರಿನಲ್ಲಿ ಮನೆಯಲ್ಲೇ ಕುಳಿತು, ಬೆಂಗಳೂರಿನ ಒಳಾಂಗಣ ವಿನ್ಯಾಸಕಾರರಿಗೆ ತ್ರೀಡಿ ಚಿತ್ರ ಮಾಡಿಕೊಡುತ್ತಾಳೆ. ಇನ್ನೂ ಕಟ್ಟದ ಅಡುಗೆಮನೆ ಕಟ್ಟಿದ ಮೇಲೆ ಹೇಗೆ ಕಾಣುತ್ತದೆ ಎಂದು ಮನೆಯೊಡೆಯರಿಗೆ ತೋರಿಸುವ ಚಿತ್ರಗಳವು. ಬಳಸುವುದು ಬ್ಲೆಂಡರ್ ಎಂಬ ತ್ರೀಡಿ ತಂತ್ರಾಂಶ, ಅದರಲ್ಲಿ ರೆಂಡರ್ ಮಾಡುವ, ಅಂದರೆ ದೃಶ್ಯವನ್ನು ಲೆಕ್ಕ ಹಾಕಿ ಚಿತ್ರವಾಗಿಸುವ, ಸೈಕಲ್ಸ್ ಎಂಬ ಭಾಗ. ಯಂತ್ರ ಮಾತ್ರ ಕಾಲೇಜಿನ ದಿನಗಳದು: ನಾಲ್ಕು ಕೋರಿನ ಇಂಟೆಲ್ ಐ5-4460, 16 ಜಿಬಿ ಡಿಡಿಆರ್3 ರ‍್ಯಾಮ್, 2 ಜಿಬಿ ಮೆಮೊರಿಯ ಜಿಫೋರ್ಸ್ ಜಿಟಿಎಕ್ಸ್ 960 ಗ್ರಾಫಿಕ್ಸ್ ಕಾರ್ಡ್. ಸೋಫಾದ ಬಟ್ಟೆ, ಮರದ ನಾರು, ಪರದೆಯ ನೆರಿಗೆ ಎಲ್ಲ ಸೇರಿದ ದೃಶ್ಯ ಆ 2 ಜಿಬಿಯಲ್ಲಿ ಹಿಡಿಸುತ್ತಿರಲಿಲ್ಲ. ಹಾಗಾಗಿ ಕಾರ್ಡನ್ನು ಬದಿಗಿಟ್ಟು ಪ್ರೊಸೆಸರ್ ಮೇಲೆಯೇ ರೆಂಡರ್ ಹಾಕುತ್ತಿದ್ದಳು. ಒಂದು ದೊಡ್ಡ ಚಿತ್ರಕ್ಕೆ ಸುಮಾರು ಒಂಬತ್ತು ಗಂಟೆ. ರಾತ್ರಿ ಮಲಗುವ ಮುನ್ನ ಹಾಕಿದರೆ ಬೆಳಿಗ್ಗೆ ಸಿಗುತ್ತಿತ್ತು, ನಡುವೆ ಕರೆಂಟ್ ಹೋಗದಿದ್ದರೆ. ಗಿರಾಕಿ "ಆ ಕಪಾಟಿನ ಬಣ್ಣ ಸ್ವಲ್ಪ ತಿಳಿಯಾಗಲಿ" ಎಂದರೆ ಇನ್ನೊಂದು ರಾತ್ರಿ.

ಬಜೆಟ್ 1,20,000 ರೂಪಾಯಿ. ಮಾನಿಟರ್ ಇತ್ತು. ಆಗಸ್ಟ್ ನಡುವಿನಲ್ಲಿ ಅವಳು ಫೋನ್ ಮಾಡುವ ಹೊತ್ತಿಗೆ ಆಗಲೇ ಇಬ್ಬರು ಸಲಹೆಗಾರರ ನಡುವೆ ಸಿಕ್ಕಿಬಿದ್ದಿದ್ದಳು.

ಒಬ್ಬ ಅವಳ ತಮ್ಮ, ಆಟದ ಹುಚ್ಚಿನವನು. "ಅಕ್ಕ, ಸೆಪ್ಟೆಂಬರ್ 1ರವರೆಗೆ ಒಂದು ಸ್ಕ್ರೂ ಕೂಡ ಕೊಳ್ಳಬೇಡ. ಈಗ ಕೊಂಡದ್ದು ಮೂರು ವಾರಕ್ಕೆ ಹಳೆಯದಾಗುತ್ತದೆ." ಇನ್ನೊಬ್ಬರು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯವರು. "ಮೇಡಂ, ಹೊಸದು ಬರುವುದು ಖಂಡಿತ. ಬಂದದ್ದು ನಮ್ಮ ಕೈಗೆ ಸಿಗಬೇಕಲ್ಲ? ಇರುವುದನ್ನು ತೆಗೆದುಕೊಂಡು ಕೆಲಸ ಮಾಡಿ." ಅವರ ಗೋದಾಮಿನಲ್ಲಿ ಆಗಿನ ಪೀಳಿಗೆಯ ಆರ್‌ಟಿಎಕ್ಸ್ 2070 ಸೂಪರ್ ಕಾರ್ಡುಗಳ ದಾಸ್ತಾನು ಇದ್ದದ್ದೂ ಈ ಕಾಳಜಿಗೆ ಒಂದು ಕಾರಣ ಎಂದುಕೊಂಡೆ. ತಮ್ಮನಿಗೂ ಸ್ವಾರ್ಥವಿತ್ತು. ಅಕ್ಕ ಹೊಸ ಕಾರ್ಡ್ ಕೊಂಡರೆ ಶನಿವಾರ, ಭಾನುವಾರ ಅದು ಯಾರ ಕೈಯಲ್ಲಿರುತ್ತದೆ ಎಂಬುದು ಗೊತ್ತಿದ್ದದ್ದೇ. ಮುಂದೆ ನಡೆದದ್ದನ್ನು ನೋಡಿದರೆ ಇಬ್ಬರ ಮಾತೂ ಸರಿಯಾಗಿತ್ತು. ಇಂಥ ಪ್ರಶ್ನೆಯ ತೊಡಕು ಇರುವುದೇ ಇಲ್ಲಿ.

ಆಗಸ್ಟ್‌ನಲ್ಲಿ ಗೊತ್ತಿದ್ದದ್ದು

ಗ್ರಾಫಿಕ್ಸ್ ಚಿಪ್ ಮಾಡುವ ಎನ್ವಿಡಿಯಾ ಸೆಪ್ಟೆಂಬರ್ 1ಕ್ಕೆ ಕಾರ್ಯಕ್ರಮವಿದೆ ಎಂದು ಸಾರಿತ್ತು. ಹೊಸ ಕಾರ್ಡುಗಳು ಬರುತ್ತವೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಬೆಲೆ ತಿಳಿದಿರಲಿಲ್ಲ. ಪ್ರೊಸೆಸರ್, ಕಾರ್ಡ್ ಎರಡನ್ನೂ ಮಾಡುವ ಎಎಂಡಿ ತನ್ನ ಮುಂದಿನ ಪೀಳಿಗೆಯ ಝೆನ್ 3 ಪ್ರೊಸೆಸರ್‌ಗಳು ವರ್ಷದೊಳಗೆ ಬರುತ್ತವೆ ಎಂದಷ್ಟೇ ಹೇಳಿತ್ತು, ದಿನಾಂಕವಿಲ್ಲ, ಬೆಲೆಯಿಲ್ಲ. ರ‍್ಯಾಮ್, ಎಸ್‌ಎಸ್‌ಡಿ, ಎಸ್‌ಎಂಪಿಎಸ್ (ಯಂತ್ರಕ್ಕೆ ವಿದ್ಯುತ್ ಕೊಡುವ ಘಟಕ), ಕ್ಯಾಬಿನೆಟ್ ಇವುಗಳ ಬಗ್ಗೆ ಯಾವ ಸುದ್ದಿಯೂ ಇರಲಿಲ್ಲ. ಸುದ್ದಿಯಿಲ್ಲ ಎಂಬುದೂ ಒಂದು ಮಾಹಿತಿಯೇ.

ಅವಳ ಪ್ರಶ್ನೆ "ಕಾಯಲೋ ಬೇಡವೋ" ಎಂಬ ಒಂದೇ ಪ್ರಶ್ನೆಯಾಗಿತ್ತು. ನಾನು ಅದನ್ನು ಭಾಗಭಾಗವಾಗಿ ಬಿಡಿಸಿದೆ. ಕಂಪ್ಯೂಟರ್ ಎಂಬುದು ಅಂಗಡಿಯಲ್ಲಿ ಒಂದು ಬಿಲ್, ಆದರೆ ಅದರೊಳಗಿನ ಆರೇಳು ವಸ್ತುಗಳು ಆರೇಳು ಬೇರೆ ಬೇರೆ ಕಾಲಚಕ್ರಗಳಲ್ಲಿ ಹಳೆಯದಾಗುತ್ತವೆ. ಎಸ್‌ಎಂಪಿಎಸ್ ಹತ್ತು ವರ್ಷ ಬಾಳುತ್ತದೆ. ಗ್ರಾಫಿಕ್ಸ್ ಕಾರ್ಡಿನ ಹೊಸ ಪೀಳಿಗೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಕಾರ್ಡಿಗಾಗಿ ಎಸ್‌ಎಂಪಿಎಸ್ ಕೊಳ್ಳುವುದನ್ನು ಮುಂದೂಡುವುದು, ಮದುಮಗ ಒಪ್ಪಿಗೆಯಾಗುವವರೆಗೆ ಹುಡುಗಿಯನ್ನು ಕಾಲೇಜಿಗೆ ಕಳಿಸದೆ ಇಟ್ಟುಕೊಂಡಂತೆ.

ಎರಡನೆಯ ಪ್ರಶ್ನೆ, ಕಾಯುವ ಪ್ರತಿ ವಾರಕ್ಕೆ ಎಷ್ಟು ಬೆಲೆ? ಆಟಕ್ಕೆ ಕೊಳ್ಳುವವನಿಗೆ ಅದು ಬೇಸರ ಮಾತ್ರ. ಇವಳಿಗೆ ಅದು ಹಣ. ತಿಂಗಳಿಗೆ ಮೂರೋ ನಾಲ್ಕೋ ಚಿತ್ರಗಳನ್ನು "ಸಮಯವಿಲ್ಲ" ಎಂದು ಬಿಡುತ್ತಿದ್ದಳು. ಅವಳೇ ಹಾಕಿದ ಲೆಕ್ಕದಲ್ಲಿ ತಿಂಗಳಿಗೆ ಹನ್ನೆರಡು ಸಾವಿರದ ಕೆಲಸ ಕೈಬಿಡುತ್ತಿತ್ತು. ಕಾದು ಉಳಿಸುವ ಹಣ ಇದಕ್ಕಿಂತ ಹೆಚ್ಚಿರಬೇಕು, ಇಲ್ಲವಾದರೆ ಕಾಯುವುದು ದುಬಾರಿ.

ತೆರಿಗೆಯ ವಿಷಯವನ್ನೂ ಅವಳು ಎತ್ತಿದಳು, ಯಾರೋ ತಲೆಗೆ ಹಾಕಿದ್ದರು. ಕಂಪ್ಯೂಟರ್‌ಗೆ ಆದಾಯ ತೆರಿಗೆಯಲ್ಲಿ ಶೇ 40 ಸವಕಳಿ (ಬಳಕೆಯಿಂದ ಕುಗ್ಗಿದ ಬೆಲೆಯೆಂದು ಆದಾಯದಿಂದ ಕಳೆಯುವ ಮೊತ್ತ) ಸಿಗುತ್ತದೆ. ಆರ್ಥಿಕ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ ಮಾತ್ರ. ಅಂದರೆ ಅಕ್ಟೋಬರ್ ಮೊದಲ ವಾರ ದಾಟಿದರೆ ಆ ವರ್ಷದ ಮಟ್ಟಿಗೆ ನಷ್ಟ. ಲೆಕ್ಕಪತ್ರ ಬರೆಯುವ ವ್ಯವಹಾರಗಳಿಗೆ ಇದು ತೂಕದ ವಿಷಯ. ಇವಳು ಆಗಿನ ಆದಾಯ ತೆರಿಗೆ ಕಾಯ್ದೆಯ 44ಎಡಿಎ ಸೆಕ್ಷನ್ ಅಡಿ ಒಟ್ಟು ಗಳಿಕೆಯ ಅರ್ಧವನ್ನು ಲಾಭವೆಂದು ತೋರಿಸುತ್ತಿದ್ದವಳು, ಸವಕಳಿಯ ಗೋಜೇ ಇರಲಿಲ್ಲ. ಜಿಎಸ್‌ಟಿ ನೋಂದಣಿಯೂ ಇಲ್ಲದ್ದರಿಂದ ಬಿಲ್ಲಿನ ಶೇ 18 ಮರಳಿ ಪಡೆಯುವ ಮಾತೂ ಇಲ್ಲ. ಈ ಕೊನೆಯ ಅಂಶ ಮುಂದೆ ಸೆಕೆಂಡ್ ಹ್ಯಾಂಡ್ ವಿಚಾರ ಬಂದಾಗ ಕೆಲಸಕ್ಕೆ ಬಂತು: ತನ್ನ ಹೆಸರಿನ ತೆರಿಗೆ ಬಿಲ್ಲಿಲ್ಲದೆ ಕೊಂಡರೂ ಅವಳು ಕಳೆದುಕೊಳ್ಳುವುದೇನೂ ಇರಲಿಲ್ಲ.

ಅರ್ಧ ಕೊಂಡು ಅರ್ಧ ಕಾದದ್ದು

ಆಗಸ್ಟ್‌ನಲ್ಲೇ ಕೊಂಡದ್ದು ಇಷ್ಟು: ಎಎಂಡಿಯ ಎಂಟು ಕೋರಿನ ಪ್ರೊಸೆಸರ್ ರೈಜನ್ 7 3700ಎಕ್ಸ್, ಬಿ550 ಮದರ್‌ಬೋರ್ಡ್, 32 ಜಿಬಿ ಡಿಡಿಆರ್4, ಒಂದು ಟಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ, 750 ವ್ಯಾಟಿನ ಎಸ್‌ಎಂಪಿಎಸ್, ಗಾಳಿಯಾಡುವ ಒಂದು ಕ್ಯಾಬಿನೆಟ್. ಸುಮಾರು 74,000 ಆಯಿತು. ಕಾರ್ಡಿಗೆ 46,000 ಉಳಿಯಿತು. ಎಸ್.ಪಿ. ರಸ್ತೆಯ ಅಂಗಡಿಯವರು 2070 ಸೂಪರ್‌ಗೆ ಹೇಳಿದ್ದೂ ಹೆಚ್ಚುಕಡಿಮೆ ಅಷ್ಟೇ.

ಝೆನ್ 3ಗೆ ಏಕೆ ಕಾಯಲಿಲ್ಲ? ದಿನಾಂಕವೂ ಬೆಲೆಯೂ ಇಲ್ಲದ ವಸ್ತುವಿಗೆ ಕಾಯುವುದಕ್ಕೆ ಅರ್ಥವಿಲ್ಲ ಎಂಬುದು ಒಂದು. ಬೋರ್ಡ್ ಅದಕ್ಕೂ ಹೊಂದುತ್ತದೆ ಎಂಬುದು ಇನ್ನೊಂದು. ಆ ವರ್ಷ ಮೇ ತಿಂಗಳಲ್ಲಿ ಎಎಂಡಿ ಹಳೆಯ 400 ಸರಣಿಯ ಬೋರ್ಡುಗಳಿಗೆ ಝೆನ್ 3 ಹೊಂದುವುದಿಲ್ಲ ಎಂದು ಹೇಳಿ, ಬಳಕೆದಾರರು ಗದ್ದಲ ಎಬ್ಬಿಸಿದ ಮೇಲೆ ಮಾತು ಹಿಂತೆಗೆದುಕೊಂಡಿತ್ತು. ಬಿ550ರ ವಿಷಯದಲ್ಲಿ ಮೊದಲಿನಿಂದಲೂ ಗೊಂದಲವಿರಲಿಲ್ಲ. ಎರಡು ಸಾವಿರ ಹೆಚ್ಚು ಕೊಟ್ಟು ಅದನ್ನೇ ಆರಿಸಿದೆವು. ಬೇಕಾದರೆ ಮುಂದೆ ಪ್ರೊಸೆಸರ್ ಒಂದನ್ನೇ ಬದಲಿಸಬಹುದು. ಕಾಯುವುದನ್ನು ಬೋರ್ಡಿಗೇ ವಹಿಸಿಬಿಟ್ಟೆವು.

ಈ ಅರ್ಧಂಬರ್ಧ ಉಪಾಯ ನಡೆದದ್ದು ಹಳೆಯ ಜಿಟಿಎಕ್ಸ್ 960 ಇದ್ದದ್ದರಿಂದ. 3700ಎಕ್ಸ್ ಒಳಗೆ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಹಾಕದಿದ್ದರೆ ಪರದೆ ಕಪ್ಪು. ಮೊದಲ ಸಲ ಕಂಪ್ಯೂಟರ್ ಜೋಡಿಸುವವರ ಬಳಿ ಹಳೆಯ ಕಾರ್ಡ್ ಇರುವುದಿಲ್ಲ. ಅವರಿಗೆ ಇದೇ ಸಲಹೆ ಕೊಡುವಂತಿಲ್ಲ.

ಹೊಸ ಪ್ರೊಸೆಸರ್ ಹಾಕಿದ ಕೂಡಲೇ ಒಂಬತ್ತು ಗಂಟೆಯ ರೆಂಡರ್ ಎರಡೂಕಾಲು ಗಂಟೆಗೆ ಇಳಿಯಿತು. ಬಣ್ಣ ಬದಲಿಸು ಎಂದರೆ ಅದೇ ದಿನ ಬದಲಿಸಿ ಕಳಿಸುವಂತಾಯಿತು. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಮುಖ್ಯ ಘಟ್ಟ ಇದು. ಕೈಬಿಡುತ್ತಿದ್ದ ಕೆಲಸದ ಬಹುಪಾಲು ಮರಳಿ ಬಂತು. ಕಾರ್ಡಿಗೆ ಕಾಯುವ ವಾರದ ಬೆಲೆ ಮೂರು ಸಾವಿರದಿಂದ ಕೆಲವು ನೂರಕ್ಕೆ ಇಳಿಯಿತು. ಇನ್ನು ಕಾಯಬಹುದಿತ್ತು. ಎಷ್ಟು ದಿನ ಎಂಬುದನ್ನು ಮಾತ್ರ ಮೊದಲೇ ಬರೆದಿಡು ಎಂದೆ. ಕ್ಯಾಬಿನೆಟ್‌ನ ಒಳಬದಿಗೆ ಒಂದು ಚೀಟಿ ಅಂಟಿಸಿದಳು: "ಅಕ್ಟೋಬರ್ 15. ಹೊಸ ಕಾರ್ಡ್ ಬಿಲ್ಲಿನ ಬೆಲೆಗೆ ಕೈಗೆ ಬರದಿದ್ದರೆ ಸಿಕ್ಕಿದ್ದನ್ನು ಕೊಳ್ಳುವುದು."

ಸೆಪ್ಟೆಂಬರ್

1ನೇ ತಾರೀಕು ರಾತ್ರಿ ಆರ್‌ಟಿಎಕ್ಸ್ 3070, 3080, 3090 ಮೂರೂ ಪ್ರಕಟವಾದವು. 499, 699, 1,499 ಡಾಲರ್. ಲಕ್ಷ ರೂಪಾಯಿ ದಾಟಿದ್ದ ಹಿಂದಿನ ಪೀಳಿಗೆಯ 2080 ಟಿಐಗಿಂತ 499 ಡಾಲರ್‌ನ 3070 ವೇಗವಾಗಿದೆ ಎಂದು ಎನ್ವಿಡಿಯಾ ಹೇಳಿತು. ಅವಳ ತಮ್ಮ ಅಕ್ಕನಿಗೆ ಬರೆದ ಸಂದೇಶದಲ್ಲಿ ಆಶ್ಚರ್ಯಸೂಚಕ ಚಿಹ್ನೆಗಳೇ ಹೆಚ್ಚಿದ್ದವು.

ನಾವು ಲೆಕ್ಕಕ್ಕೆ ಕುಳಿತೆವು. ಡಾಲರ್‌ಗೆ ಆಗ ಸುಮಾರು 73 ರೂಪಾಯಿ. 499 ಡಾಲರ್ ಎಂದರೆ 36,500; ಅದಕ್ಕೆ ಶೇ 18 ತೆರಿಗೆ ಸೇರಿಸಿದರೆ 43,000. ಭಾರತಕ್ಕೆ ಪ್ರಕಟವಾದ ಆರಂಭಿಕ ಬೆಲೆ 51,000. ನಡುವಿನ ಎಂಟು ಸಾವಿರ ಆಮದುದಾರ, ವಿತರಕ, ಅಂಗಡಿಗಳಲ್ಲಿ ಹಂಚಿಹೋಗುವುದು. ಅಮೆರಿಕದ ಬೆಲೆಯನ್ನು ರೂಪಾಯಿಗೆ ಗುಣಿಸಿ ಸಂತೋಷಪಡುವವರು ಈ ಲೆಕ್ಕವನ್ನು ಒಮ್ಮೆಯಾದರೂ ಮಾಡಿ ನೋಡಬೇಕು. ಅದೂ "ಆರಂಭಿಕ" ಬೆಲೆ. ಮೂರು ಫ್ಯಾನಿನ ಮಾದರಿಗಳು ಇನ್ನೂ ಮೇಲೆ. ಹಾಗಿದ್ದರೂ ಸಿಕ್ಕರೆ ಲಾಭವೇ. ಐದು ಸಾವಿರ ಹೆಚ್ಚು ಹಾಕಿ 2070 ಸೂಪರ್‌ಗಿಂತ ಬಹಳ ಹೆಚ್ಚಿನ ಬಲ ಪಡೆದಂತೆ. 3070 ಅಂಗಡಿಗೆ ಬರಬೇಕಾಗಿದ್ದದ್ದು ಅಕ್ಟೋಬರ್ 15ಕ್ಕೆ, ಚೀಟಿಯಲ್ಲಿದ್ದ ದಿನಕ್ಕೇ.

ಸೆಪ್ಟೆಂಬರ್ 17ಕ್ಕೆ 3080 ಮಾರಾಟಕ್ಕೆ ಬಂದು ನಿಮಿಷಗಳಲ್ಲಿ ಮುಗಿಯಿತು. ತಾವಾಗಿಯೇ ಖರೀದಿ ಮಾಡುವ ಬಾಟ್‌ಗಳನ್ನು ಬಿಟ್ಟು ಸಗಟು ಎತ್ತಿದವರು ಅದನ್ನೇ ದುಬಾರಿ ಬೆಲೆಗೆ ಮರುಮಾರಾಟಕ್ಕಿಟ್ಟರು. ಎನ್ವಿಡಿಯಾ ಕ್ಷಮೆ ಕೇಳಿತು. ಸಿಕ್ಕ ಕೆಲವರ ಯಂತ್ರಗಳು ಆಟದ ನಡುವೆ ಕುಸಿದು ಬೀಳುತ್ತಿದ್ದವು. ಕಾರ್ಡಿನ ಹಿಂಬದಿಯ ಕೆಪ್ಯಾಸಿಟರ್‌ಗಳ ಬಗ್ಗೆ ಚರ್ಚೆ ನಡೆದು, ತಿಂಗಳ ಕೊನೆಗೆ ಹೊಸ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಬಂದ ಮೇಲೆ ತೊಂದರೆ ತಗ್ಗಿತು. ಮೊದಲ ಬ್ಯಾಚ್ ಕೊಳ್ಳುವವರು ಹಣ ಕೊಟ್ಟು ಪರೀಕ್ಷಕರಾಗುತ್ತಾರೆ ಎಂದು ನಾನು ಯಾವಾಗಲೂ ಹೇಳುವುದು ಇದಕ್ಕೇ.

ಅಕ್ಟೋಬರ್ 2ಕ್ಕೆ ಎನ್ವಿಡಿಯಾ 3070ರ ದಿನವನ್ನು 29ಕ್ಕೆ ಮುಂದೂಡಿತು. ಅಂಗಡಿಗಳಿಗೆ ಹೆಚ್ಚು ಕಾರ್ಡ್ ತಲುಪಲಿ ಎಂಬುದು ಕೊಟ್ಟ ಕಾರಣ. ತಮ್ಮ ಅಂದ: "ಎರಡೇ ವಾರ ತಾನೇ ಅಕ್ಕ?"

ಕಾಯುವವರು ಜಾರುವುದು ಇಂಥ ಜಾಗದಲ್ಲಿ. ಮೂರು ವಾರ ಕಾದವರಿಗೆ ಇನ್ನೆರಡು ವಾರ ಸಣ್ಣದು. ಐದು ವಾರ ಕಾದವರಿಗೆ ನವೆಂಬರ್ ಹತ್ತಿರ. ನವೆಂಬರ್‌ನಲ್ಲಿ ಎಎಂಡಿಯ ಕಾರ್ಡುಗಳು ಬರುತ್ತವೆ, ಅವನ್ನೂ ನೋಡಿಬಿಡೋಣ. ಅವಳು ಆ ದಾರಿಗೆ ಹೋಗಲಿಲ್ಲ. "ದಿನ ಮುಂದೂಡಿದ್ದು ಅವರು, ನಾನಲ್ಲ" ಎಂದಳು. ಸೆಕೆಂಡ್ ಹ್ಯಾಂಡ್ ನೋಡತೊಡಗಿದಳು.

ಆ ಮಾರುಕಟ್ಟೆ ಆಗ ವಿಚಿತ್ರವಾಗಿತ್ತು. ಸೆಪ್ಟೆಂಬರ್ 1ರ ಬೆಲೆ ಕೇಳಿ ಗಾಬರಿಯಾದವರು ತಮ್ಮ 20 ಸರಣಿಯ ಕಾರ್ಡುಗಳನ್ನು ಸಿಕ್ಕಿದ ಬೆಲೆಗೆ ಬಿಡುತ್ತಿದ್ದರು. ಹೊಸದು ಕೈಗೆ ಬರುವ ಮೊದಲೇ ಇದ್ದದ್ದನ್ನು ಮಾರಿದರು. ಬೆಂಗಳೂರಿನ ಒಬ್ಬ ಯುವಕ 2070 ಸೂಪರ್ ಮಾರಾಟಕ್ಕಿಟ್ಟಿದ್ದ: ಹತ್ತು ತಿಂಗಳ ಬಳಕೆ, ಮೂಲ ಬಿಲ್, ಎರಡು ವರ್ಷಕ್ಕೂ ಮಿಕ್ಕಿದ ವಾರಂಟಿ, 29,000 ರೂಪಾಯಿ. ನೋಡಲು ನಾನು ಹೋದೆ.

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಬಳಸಿದ ಕಾರ್ಡ್ ಎಂದರೆ ಮಾರು ದೂರ ನಿಲ್ಲುವವರು ಬಹಳ. ಮೊದಲು ಕಾರ್ಡನ್ನು ಯಂತ್ರದಿಂದ ಹೊರತೆಗೆಸಿ ಹಿಂಬದಿಯ ಸ್ಟಿಕ್ಕರ್‌ನಲ್ಲಿದ್ದ ಸೀರಿಯಲ್ ಸಂಖ್ಯೆಯನ್ನು ಬಿಲ್ಲಿನ ಜೊತೆಗೂ ಡಬ್ಬಿಯ ಜೊತೆಗೂ ತಾಳೆ ನೋಡಿದೆ. ಕೆಲವು ಕಂಪನಿಗಳು ವಾರಂಟಿಯನ್ನು ಸೀರಿಯಲ್ ಸಂಖ್ಯೆಯ ಮೇಲೆ ಕೊಡುತ್ತವೆ, ಕೆಲವು ಬಿಲ್ಲನ್ನೂ ಕೇಳುತ್ತವೆ. ಎರಡೂ ಹೊಂದಿದರೆ ತಲೆನೋವಿಲ್ಲ. ಕೂಲರ್ ಹಿಡಿದಿಟ್ಟ ಸ್ಕ್ರೂಗಳಲ್ಲಿ ಒಂದರ ಮೇಲೆ ಅಂಟಿಸಿದ ಚಿಕ್ಕ ಮುದ್ರೆ ಹರಿದಿರಲಿಲ್ಲ, ಅಂದರೆ ಯಾರೂ ಬಿಚ್ಚಿಲ್ಲ. ಫಿನ್‌ಗಳ ನಡುವೆ ಧೂಳಿತ್ತು. ಸಾಧಾರಣ ಮನೆಯ ಧೂಳು, ಕೈಗೆ ಒಣಗಿ ಉದುರುವಂಥದ್ದು. ಸಿಗರೇಟಿನ ಅಂಟು ಇರಲಿಲ್ಲ. ಮತ್ತೆ ಯಂತ್ರಕ್ಕೆ ಹಾಕಿಸಿ, ನಾನು ಒಯ್ದಿದ್ದ ಪೆನ್‌ಡ್ರೈವ್‌ನಿಂದ ಬ್ಲೆಂಡರ್ ತೆರೆದು, ಅವಳದೇ ಒಂದು ಅಡುಗೆಮನೆಯ ದೃಶ್ಯವನ್ನು ಸತತವಾಗಿ ಅರ್ಧ ಗಂಟೆ ರೆಂಡರ್ ಮಾಡಿಸಿದೆ. ತಾಪ ಎಪ್ಪತ್ತರ ಆಚೀಚೆ ನಿಂತಿತು. ಎರಡು ಫ್ಯಾನ್‌ಗಳಲ್ಲಿ ಒಂದು, ವೇಗ ಏರುವಾಗ ಒಂದು ಕ್ಷಣ ಸಣ್ಣಗೆ ಕಿರುಗುಟ್ಟಿ ಸುಮ್ಮನಾಗುತ್ತಿತ್ತು. ಅದನ್ನು ತೋರಿಸಿ ಒಂದು ಸಾವಿರ ಇಳಿಸಿಕೊಂಡೆ. "ಸಾರ್, 3080 ಬುಕ್ ಮಾಡಿದ್ದೇನೆ, ವಾರದಲ್ಲಿ ಬರುತ್ತದೆ" ಎಂದ ಹುಡುಗ, ಹಣ ಎಣಿಸುತ್ತ. ಅವನಿಗೆ ಒಳ್ಳೆಯದಾಗಿರಲಿ.

28,000ಕ್ಕೆ ಕಾರ್ಡ್ ಆಯುಧಪೂಜೆಯ ಮುಂಚೆಯೇ ಮೈಸೂರು ಸೇರಿತು. ಎರಡೂಕಾಲು ಗಂಟೆ ಇಪ್ಪತ್ತೈದು ನಿಮಿಷವಾಯಿತು. ಉಳಿದ ಹದಿನೆಂಟು ಸಾವಿರದಲ್ಲಿ ಒಂದಿಷ್ಟು ದೊಡ್ಡ ಯುಪಿಎಸ್‌ಗೆ ಹೋಯಿತು. ಹಳೆಯ ಯುಪಿಎಸ್ ಹೊಸ ಯಂತ್ರದ ಭಾರಕ್ಕೆ ಕೂಗಿಕೊಳ್ಳುತ್ತಿತ್ತು.

ತೀರ್ಮಾನವನ್ನು ಅಳೆಯುವುದು

ಆಮೇಲೆ ಆದದ್ದು ಎಲ್ಲರಿಗೂ ನೆನಪಿದೆ. ಮನೆಯಿಂದ ಕೆಲಸ ಮಾಡುವವರ ಬೇಡಿಕೆ, ಚಿಪ್‌ಗಳ ಕೊರತೆ, ಅದರ ಮೇಲೆ ಈಥೀರಿಯಂ ಎಂಬ ಕ್ರಿಪ್ಟೋ ನಾಣ್ಯದ ಗಣಿಗಾರಿಕೆ, ಅಂದರೆ ಕಾರ್ಡುಗಳಿಂದ ಲೆಕ್ಕ ಮಾಡಿಸಿ ನಾಣ್ಯ ಗಳಿಸುವುದು. 2021ರ ಮೇ ಹೊತ್ತಿಗೆ ಈಥೀರಿಯಂ 4,000 ಡಾಲರ್ ದಾಟಿತು. ಕೆಲಸ ಮಾಡುವ ಪ್ರತಿ ಕಾರ್ಡೂ ನೋಟು ಮುದ್ರಿಸುವ ಯಂತ್ರವಾಯಿತು. ಫೆಬ್ರವರಿಯಲ್ಲಿ ಬಂದ ಆರ್‌ಟಿಎಕ್ಸ್ 3060ಗೆ ಭಾರತದಲ್ಲಿ 29,500 ಎಂದು ಪ್ರಕಟಿಸಿದರು. ಆ ಬೆಲೆಗೆ ಕೊಂಡವರನ್ನು ನಾನು ಕಂಡಿಲ್ಲ. ಗಣಿಗಾರಿಕೆ ತಡೆಯಲು ಅದಕ್ಕೆ ಎನ್ವಿಡಿಯಾ ಕಡಿವಾಣ ಹಾಕಿತ್ತು, ಮರುತಿಂಗಳು ತಾನೇ ಬಿಟ್ಟ ಒಂದು ಡ್ರೈವರ್‌ನಲ್ಲಿ ಅದು ಕಳಚಿಹೋಯಿತು. ಕೊರತೆ ನೀಗಿಸಲು ಹಳೆಯ ಆರ್‌ಟಿಎಕ್ಸ್ 2060 ಮತ್ತು 2016ರ ಜಿಟಿಎಕ್ಸ್ 1050 ಟಿಐ ಚಿಪ್‌ಗಳನ್ನು ಮತ್ತೆ ಪೂರೈಸಬೇಕಾಯಿತು. ತಂಗಿಯ ಕಾರ್ಡನ್ನು ಅವಳು ಕೊಟ್ಟದ್ದರ ದುಪ್ಪಟ್ಟಿಗೆ ಹತ್ತಿರದ ಬೆಲೆಗೆ ಕೇಳಿದವರಿದ್ದರು.

ಈ ಕೊನೆಯ ಸಂಗತಿಯನ್ನು ಎತ್ತಿ ತೋರಿಸಿ "ನೋಡಿ, ಎಂಥ ಜಾಣ ತೀರ್ಮಾನ" ಎಂದು ಹೊಗಳುವವರ ಜೊತೆ ನಾನಿಲ್ಲ. ಗಣಿಗಾರಿಕೆಯ ಅಬ್ಬರ ಅಕ್ಟೋಬರ್‌ನಲ್ಲಿ ಯಾರ ಲೆಕ್ಕದಲ್ಲೂ ಇರಲಿಲ್ಲ, ಅವಳದರಲ್ಲೂ ಇರಲಿಲ್ಲ. ಆ ದಿನ ಗೊತ್ತಿದ್ದದ್ದರ ಮೇಲೆಯೇ ತೀರ್ಮಾನವನ್ನು ತೂಗಬೇಕು. ಹಾಗೆ ತೂಗಿದರೆ ಆಗಸ್ಟ್‌ನಲ್ಲೇ ಎಲ್ಲವನ್ನೂ ಕೊಂಡಿದ್ದರೂ ದೊಡ್ಡ ಅನಾಹುತವೇನೂ ಆಗುತ್ತಿರಲಿಲ್ಲ: ಹದಿನೆಂಟು ಸಾವಿರ ಹೆಚ್ಚು ಹೋಗುತ್ತಿತ್ತು, ಏಳೆಂಟು ವಾರದ ವೇಗ ಸಿಗುತ್ತಿತ್ತು. ಕಾದು ಗಳಿಸಿದ್ದು ಆ ವ್ಯತ್ಯಾಸವನ್ನು ಮಾತ್ರ, ಅದರಲ್ಲೂ ಕೈಬಿಟ್ಟ ಒಂದೆರಡು ಕೆಲಸಗಳನ್ನು ಕಳೆಯಬೇಕು. 3070ಗೆ 29ರವರೆಗೆ ಕಾದಿದ್ದರೆ? ಅದೃಷ್ಟವಿದ್ದರೆ ಬಿಲ್ಲಿನ ಬೆಲೆಗೆ ಸಿಗುತ್ತಿತ್ತು. ಸಿಕ್ಕ ಕೆಲವರು ಇದ್ದಾರೆ. ಸಿಗದಿದ್ದರೆ ಅಷ್ಟರಲ್ಲಿ ಸೆಕೆಂಡ್ ಹ್ಯಾಂಡ್ ಬೆಲೆಯೂ ಏರತೊಡಗಿತ್ತು. ಗಾಬರಿಯಿಂದ ಮಾರುವವರ ಆ ಕಿಟಕಿ ತೆರೆದಿದ್ದದ್ದೇ ಕೆಲವು ವಾರ.

ಝೆನ್ 3 ನವೆಂಬರ್ 5ಕ್ಕೆ ಬಂತು, ನಿಜವಾಗಿಯೂ ಒಳ್ಳೆಯ ಪ್ರೊಸೆಸರ್. ಆದರೆ ಎಂಟು ಕೋರಿನ 5800ಎಕ್ಸ್‌ಗೆ 449 ಡಾಲರ್, ಕೂಲರ್ ಬೇರೆ. 3700ಎಕ್ಸ್ ಬಿಡುಗಡೆಯಾದಾಗ ಕೂಲರ್ ಸೇರಿ 329 ಇತ್ತು. ಬೋರ್ಡ್ ಅದನ್ನು ಹಾಕಿಸಿಕೊಳ್ಳಲು ಸಿದ್ಧವಾಗಿದ್ದರೂ ಅವಳಿಗೆ ಬೇಕಾಗಲಿಲ್ಲ. ಬಳಸದೆ ಉಳಿದ ಆ ಅವಕಾಶಕ್ಕೆ ಎರಡು ಸಾವಿರ ಕೊಟ್ಟದ್ದು ವ್ಯರ್ಥವೋ ಎಂದು ಕೇಳಿದರೆ, ವಿಮೆಯ ಕಂತು ಎಂದುಕೊಳ್ಳಬಹುದು.

ಹೊಸ ಯಂತ್ರಾಂಶವನ್ನೇ ಕಾಯುವವರು ಮರೆಯುವ ಇನ್ನೊಂದು ಸಂಗತಿ 2021ರ ಡಿಸೆಂಬರ್‌ನಲ್ಲಿ ನಡೆಯಿತು. ಬ್ಲೆಂಡರ್ 3.0ರಲ್ಲಿ ಸೈಕಲ್ಸ್‌ನ ಗ್ರಾಫಿಕ್ಸ್ ಕಾರ್ಡಿನ ಮೇಲೆ ನಡೆಯುವ ಭಾಗವನ್ನು ಹೊಸದಾಗಿ ಬರೆದಿದ್ದರು. ನಿಜ ದೃಶ್ಯಗಳಲ್ಲಿ ಎರಡರಿಂದ ಎಂಟು ಪಟ್ಟು ವೇಗ ಎಂದು ಹೇಳಿದರು. ಅವಳ ದೃಶ್ಯಗಳಿಗೆ ಎಂಟು ಪಟ್ಟೇನೂ ಸಿಗಲಿಲ್ಲ. ಇಪ್ಪತ್ತೈದು ನಿಮಿಷ ಹನ್ನೆರಡಕ್ಕೆ ಇಳಿಯಿತು, ಅದೇ ಕಾರ್ಡಿನಲ್ಲಿ, ಒಂದು ಪೈಸೆ ಖರ್ಚಿಲ್ಲದೆ. ಆ ಹೊತ್ತಿಗೂ ಅವಳ ತಮ್ಮ 3080ಗೆ ಕಾಯುತ್ತಿದ್ದ. 2022ರ ಸೆಪ್ಟೆಂಬರ್ 15ಕ್ಕೆ ಈಥೀರಿಯಂ ಗಣಿಗಾರಿಕೆ ನಿಂತ ಮೇಲೆ ಅವನೂ ಒಂದು 3060 ಕೊಂಡ. ಎರಡು ವರ್ಷ ಅಕ್ಕನ ಹಳೆಯ 960ಯಲ್ಲಿ ಆಡಿದ್ದ.

2025ರ ಡಿಸೆಂಬರ್‌ನಲ್ಲಿ ಅವಳು ಮತ್ತೆ ಫೋನ್ ಮಾಡಿದಳು. ಈಗ ಚಿತ್ರದ ಜೊತೆ ಸಣ್ಣ ವಿಡಿಯೊಗಳನ್ನೂ ಕೇಳುತ್ತಾರಂತೆ, 8 ಜಿಬಿ ಸಾಲದು. "ಅಣ್ಣ, ಪೂರ್ತಿ ಹೊಸದೇ ಜೋಡಿಸಿಬಿಡಲೇ, ಇಲ್ಲ ಕಾಯಲೇ?" ಈ ಸಲ ಕುತ್ತಿಗೆ ಹಿಡಿದದ್ದು ಬೇರೆ ಭಾಗ. ಎಐ ದತ್ತಾಂಶ ಕೇಂದ್ರಗಳು ಮೆಮೊರಿಯನ್ನೆಲ್ಲ ನುಂಗುತ್ತಿದ್ದುದರಿಂದ ಡಿಡಿಆರ್5 ರ‍್ಯಾಮ್ ಕೆಲವೇ ತಿಂಗಳಲ್ಲಿ ಎರಡು, ಮೂರು ಪಟ್ಟು ಏರಿತ್ತು. ಅದೇ ತಿಂಗಳು ಮೈಕ್ರಾನ್ ತನ್ನ ಕ್ರೂಶಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುತ್ತೇನೆ ಎಂದು ಪ್ರಕಟಿಸಿತು. ಹೊಸ ಪೀಳಿಗೆಯ ಬೋರ್ಡಿಗೆ ಬದಲಿಸಿದರೆ ಡಿಡಿಆರ್5 ಕೊಳ್ಳಬೇಕಿತ್ತು. ಬದಲಿಸದಿದ್ದರೆ ಬೇಕಾದದ್ದು ಕಾರ್ಡ್ ಒಂದೇ. ಅವಳ ಕೆಲಸ ನಡೆಯುವುದು ಕಾರ್ಡಿನ ಮೇಲೆ, ರ‍್ಯಾಮ್ ಇನ್ನೂ 32 ಜಿಬಿ ಇದೆ, ಸಾಕು. 16 ಜಿಬಿಯ ಕಾರ್ಡೊಂದನ್ನು ಹಾಕಿಸಿ ಉಳಿದದ್ದನ್ನು ಮುಟ್ಟಲಿಲ್ಲ. ಮೆಮೊರಿ ಬೆಲೆ ಇಳಿದಾಗ ಬೋರ್ಡಿನ ಮಾತು. ಹತ್ತು ವರ್ಷದ ವಾರಂಟಿಯ ಆ 750 ವ್ಯಾಟಿನ ಎಸ್‌ಎಂಪಿಎಸ್‌ಗೆ ಹೊಸ ಕಾರ್ಡಿನ ಭಾರ ಲೆಕ್ಕಕ್ಕೇ ಇಲ್ಲ, ವಾರಂಟಿ 2030ರವರೆಗೂ ಇದೆ.